ನಾಯಕಿಗೆ ಅಣ್ಣ ಇರಲಿಲ್ಲ

ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು ನಮ್ಮ ಟಿವಿಯ ಪಕ್ಕದಲ್ಲಿರುವ ಗಾಜಿನ ಹೃದಯವನ್ನು ನೋಡಿ ನಿಂತುಬಿಟ್ಟ. ಅಂಗೈಯಗಲದ ಕೆಂಪು ಹೃದಯ, ಅದರ ನಡುವೆ ಒಂದು ಬಾಣ, ಕೆಳಗೆ ಬಂಗಾರದ ಬಣ್ಣದಲ್ಲಿ ನನ್ನ ಹೆಸರು. ಅವನು ಸಿಲಿಂಡರನ್ನು ಮೆಲ್ಲನೆ ಕೆಳಗಿಳಿಸಿ, ಸ್ವರ ತಗ್ಗಿಸಿ, "ಆಪರೇಷನ್ ಯಾವಾಗ ಆದದ್ದು ಸರ್? ಮಂಗಳೂರಿನಲ್ಲಿಯಾ?" ಎಂದು ಕೇಳಿದ. ಇದು ಆಸ್ಪತ್ರೆಯವರು ಕೊಟ್ಟದ್ದಲ್ಲ, ಪ್ರತಿವರ್ಷ ಪ್ರೇಮಕಥಾ ಸ್ಪರ್ಧೆ ನಡೆಸುತ್ತೇನಲ್ಲ, ಅದಕ್ಕೆ ನಮ್ಮ ಸಾಹಿತ್ಯ ಬಳಗದವರು ಕೊಟ್ಟದ್ದು ಎಂದು ತಿಳಿಸಿದೆ. ಅವನ ಮುಖದಲ್ಲಿದ್ದ ಮರುಕ ಹೋಗಲಿಲ್ಲ. ಬೇರೆ ನಮೂನೆಯ ಮರುಕವಾಯಿತು, ಅಷ್ಟೆ.

ಅವನದ್ದು ತಪ್ಪಲ್ಲ. ನನ್ನನ್ನು ನೋಡಿದರೆ ಪ್ರೇಮದ ಜೊತೆ ಯಾವ ವ್ಯವಹಾರವೂ ಇರುವಂತೆ ಕಾಣುವುದಿಲ್ಲ. ನಾನು ಪುತ್ತೂರಿನಲ್ಲಿ ಪಿಯುಸಿ ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಟ್ಟು ನಿವೃತ್ತನಾದವನು. ನಮ್ಮ ಕಡೆ ನಿವೃತ್ತರಾದವರಿಗೆ ಎರಡೇ ದಾರಿ. ಒಂದು, ದೇವಸ್ಥಾನದ ಜೀರ್ಣೋದ್ಧಾರ ಸಮಿತಿ. ಇನ್ನೊಂದು, ಸಾಹಿತ್ಯ ಬಳಗ. ಸಮಿತಿಗೆ ಸೇರಿದರೆ ರಸೀದಿ ಪುಸ್ತಕ ಹಿಡಿದು ಮನೆಮನೆ ಹತ್ತಿ ಇಳಿಯಬೇಕು. ಬಳಗಕ್ಕೆ ಸೇರಿದರೆ ಚಹಾ ಕುಡಿಯುತ್ತ, ಈಗಿನ ಮಕ್ಕಳು ಏನೂ ಓದುವುದಿಲ್ಲ ಎಂದು ಕೊರಗಿದರೆ ಸಾಕು. ಮೊಣಕಾಲು ನೋವಿದ್ದ ನಾನು ಬಳಗಕ್ಕೆ ಸೇರಿದೆ.

ಹಾಗೆ ಕೊರಗುತ್ತಿದ್ದ ಒಂದು ಸಂಜೆ ನನ್ನ ಬಾಯಿಂದ ಒಂದು ಮಾತು ಜಾರಿತು. ಪರಿಸರದ ಬಗ್ಗೆ, ದೇಶಪ್ರೇಮದ ಬಗ್ಗೆ ಸ್ಪರ್ಧೆ ಇಟ್ಟು ಇಟ್ಟು ಸಾಕಾಯಿತು, ಒಮ್ಮೆ ಬರಿಯ ಪ್ರೇಮದ ಬಗ್ಗೆ ಇಟ್ಟು ನೋಡುವ, ಹೊಸಬರಿಗೆ ಮಾತ್ರ ಅಂತ ಹೇಳುವ ಎಂದೆ. ಯಾರು ಮಾತಾಡಿದರೋ ಅವರೇ ಸಂಚಾಲಕರಾಗುವುದು ಇಂಥ ಬಳಗಗಳ ಪದ್ಧತಿ. ಮನೆಗೆ ಬಂದು ಹೆಂಡತಿ ಜಯಂತಿಗೆ ಸುದ್ದಿ ಹೇಳಿದೆ. ಅವಳು ಸೌತೆಕಾಯಿ ಹೆಚ್ಚುತ್ತಿದ್ದವಳು ಚೂರಿಯನ್ನು ಕೆಳಗಿಟ್ಟಳು. "ಪೇಟೆಯಿಂದ ಒಂದು ಚೆಂಡು ಮಲ್ಲಿಗೆ ತರ್ಬೇಕಾದರೆ ನಿಮಗೆ ಚೀಟಿಯಲ್ಲಿ ಬರೆದು ಕೊಡ್ಬೇಕು. ಪ್ರೇಮಕ್ಕೆ ನೀವು ಸಂಚಾಲಕರಾ?" ಎಂದು ಕೇಳಿ ಮತ್ತೆ ಹೆಚ್ಚತೊಡಗಿದಳು.

ಪ್ರೇಮಕಥೆಗಳ ಓದಿನಲ್ಲಿ ನನ್ನ ಅನುಭವ ಚಿಕ್ಕದಲ್ಲ ಎಂದು ಅವಳಿಗೆ ಹೇಗೆ ಹೇಳುವುದು? ನಾನು ಹುಟ್ಟಿ ಬೆಳೆದದ್ದು ಬೆಳ್ಳಾರೆಯಲ್ಲಿ. ಸಂತೆಯ ದಿನ ಅಲ್ಲಿ ಹುರಿದ ನೆಲಕಡಲೆ ಮಾರುವ ಒಬ್ಬ ಮುದುಕರಿದ್ದರು. ಅವರಿಗೆ ಎಲ್ಲಿಂದಲೋ ಹಳೆಯ ಕಾದಂಬರಿಗಳ ರಾಶಿ ಸಿಕ್ಕಿತ್ತು. ದಿನಪತ್ರಿಕೆಯ ಶಾಯಿ ಕಡಲೆಗೆ ಹತ್ತುತ್ತದೆ, ಕಾದಂಬರಿಯದ್ದು ಹತ್ತುವುದಿಲ್ಲ ಎಂಬುದು ಅವರ ಅಭಿಪ್ರಾಯ. ಸಾಹಿತ್ಯದ ಬಗ್ಗೆ ಅಷ್ಟು ಖಚಿತವಾದ ಮಾತನ್ನು ನಾನು ಆಮೇಲೆ ಯಾವ ವಿಚಾರಗೋಷ್ಠಿಯಲ್ಲೂ ಕೇಳಲಿಲ್ಲ. ಕಡಲೆ ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ ಒಳಗೆ ಒಬ್ಬಳು ಬಾವಿಕಟ್ಟೆಯ ಮೇಲೆ ಕೂತು ಅಳುತ್ತಿರುತ್ತಿದ್ದಳು. ಯಾಕೆ ಅಳುತ್ತಾಳೆ ಎಂಬುದು ಹಿಂದಿನ ಪುಟದಲ್ಲಿ, ಅದು ಯಾರದೋ ಜೇಬಿನಲ್ಲಿ. ಮುಂದೇನಾಯಿತು ಎಂದು ತಿಳಿಯಲು ಮುಂದಿನ ವಾರದವರೆಗೆ ಕಾದು ಮತ್ತೆ ಕಡಲೆ ಕೊಂಡರೆ, ಬೇರೆ ಇಬ್ಬರು ರೈಲಿನಲ್ಲಿ ಜಗಳಾಡುತ್ತಿರುತ್ತಿದ್ದರು. ಹೀಗೆ ಬಾಲ್ಯವಿಡೀ ನೂರಾರು ಪ್ರೇಮಗಳ ನಡುಭಾಗವನ್ನು ಮಾತ್ರ ಓದಿದವನು ನಾನು. ಪ್ರೇಮಕ್ಕೆ ಆದಿಯೂ ಇಲ್ಲ ಅಂತ್ಯವೂ ಇಲ್ಲ, ಎಣ್ಣೆ ಮತ್ತು ಉಪ್ಪು ಮಾತ್ರ ಇರುವುದು ಎಂದು ಬಹಳ ಕಾಲ ನಂಬಿದ್ದೆ.

ಸ್ಪರ್ಧೆಗೆ ಬಹುಮಾನ ಕೊಡಲು ಒಬ್ಬರು ಬೇಕಲ್ಲ. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿರುವ ಸದಾನಂದಣ್ಣ ಒಪ್ಪಿದರು. ಒಪ್ಪುವಾಗ ಒಂದು ಷರತ್ತು ಹಾಕಿದರು. ಪ್ರತಿ ಕಥೆಯೂ ಮದುವೆಯಲ್ಲಿ ಮುಗಿಯಬೇಕು. "ಮದುವೆ ಆಗದ ಪ್ರೇಮದಿಂದ ನಮಗೆಂತ ಪ್ರಯೋಜನ ಹೇಳಿ ಸರ್? ಸೀರೆ ಹೋಗುದು ಮದುವೆಗೆ ಅಲ್ವಾ" ಎಂದರು. ಇದನ್ನು ಸಭೆಯಲ್ಲೇ ಹೇಳಿದರು. ಇನ್ನೊಂದು ಮಾತನ್ನು ನನ್ನನ್ನು ಅಂಗಡಿಯ ಹೊರಗೆ ಕರೆದುಕೊಂಡು ಹೋಗಿ ಹೇಳಿದರು. ಗಲಾಟೆ ಆಗುವಂಥ ಕಥೆ ಬೇಡ, ಅವರು ಇವರು ಸೇರುವಂಥದ್ದೆಲ್ಲ ಬೇಡ, ಕಾಲ ಸರಿ ಇಲ್ಲ ಎಂದರು. ಅವರು ಯಾರು, ಇವರು ಯಾರು ಎಂದು ನಾನು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ. ನಮ್ಮ ಊರಿನಲ್ಲಿ ಇಂಥ ವಾಕ್ಯಗಳಿಗೆ ಸರ್ವನಾಮವೇ ಸಾಕು. ವ್ಯಾಕರಣದ ಮೇಷ್ಟರಿಗೆ ಅದು ಅರ್ಥವಾಗದೆ ಇದ್ದೀತೇ?

ಆ ಎರಡನೆಯ ನಿಯಮವನ್ನು ನಾವು ಎಲ್ಲೂ ಅಚ್ಚು ಹಾಕಿಸಲಿಲ್ಲ. ಆದರೂ ಬರೆಯುವವರಿಗೆಲ್ಲ ಹೇಗೋ ಗೊತ್ತಾಗಿತ್ತು. ಬಂದ ಕಥೆಗಳಲ್ಲಿ ಯಾರಿಗೂ ಮನೆಹೆಸರಿಲ್ಲ, ಊರಿಲ್ಲ, ನೆಂಟರಿಷ್ಟರಿಲ್ಲ. ನಾಯಕ ದೊಡ್ಡ ಬಂಗಲೆಯಲ್ಲಿ ಒಬ್ಬನೇ ಇರುವ ಅನಾಥ. ನಾಯಕಿ ಕಡಲ ತೀರದಲ್ಲಿ ಒಬ್ಬಳೇ ನಡೆಯುವ ಅನಾಥೆ. ಸುಳ್ಯದ ಗುಡ್ಡದಲ್ಲಿ ಹುಟ್ಟಿ ಬೆಳೆದ ಹುಡುಗರಿಗೆ ಪ್ರೇಮಿಸಬೇಕಾದರೆ ಕಡಲೇ ಯಾಕೆ ಬೇಕು ಎಂದು ನನಗೆ ಇನ್ನೂ ಹೊಳೆದಿಲ್ಲ. ಊರಿನ ಹೆಸರು ಹಾಕಿದವನು ಒಬ್ಬನೇ, ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ನಾಯಕಿಯ ಮುಂಗುರುಳು ಗಾಳಿಗೆ ಹಾರಿತು ಎಂದು ಬರೆದಿದ್ದ. ಅಲ್ಲಿ ಸಂಜೆ ಕಾಲೇಜು ಬಿಡುವ ಹೊತ್ತಿಗೆ ಕೊಡೆ ಬಿಡಿಸಲು ಜಾಗ ಸಿಕ್ಕುವುದಿಲ್ಲ, ಮುಂಗುರುಳು ಎಲ್ಲಿಗೆ ಹಾರಬೇಕು? ಬಾಯಿ ತೆರೆದರೆ ಎಲ್ಲರೂ 'ಪ್ರಿಯೆ' ಎನ್ನುತ್ತಿದ್ದರು. ಮೂರು ತಾಲೂಕುಗಳಲ್ಲಿ ಇಷ್ಟು ವರ್ಷ ಓಡಾಡಿದವನು ನಾನು, ಒಬ್ಬ ಗಂಡಸು ಒಬ್ಬ ಹೆಂಗಸನ್ನು ಪ್ರಿಯೆ ಎಂದು ಕರೆದದ್ದನ್ನು ಯಕ್ಷಗಾನದ ರಂಗಸ್ಥಳದ ಮೇಲಲ್ಲದೆ ಬೇರೆಲ್ಲೂ ಕೇಳಿಲ್ಲ. ಈಚಿನ ವರ್ಷಗಳಲ್ಲಿ ಫೋನೇ ಕಥೆ ಬರೆದುಕೊಡುತ್ತದಂತೆ. ಹಾಗಾಗಿ ಬೇರೆ ಬೇರೆ ಊರಿನ ನಾಯಕಿಯರು ಒಂದೇ ಕಿಟಕಿಯ ಬಳಿ ನಿಂತು ಒಂದೇ ನಿಟ್ಟುಸಿರು ಬಿಡುತ್ತಾರೆ. ಅದರಿಂದ ಓದುವ ಕೆಲಸ ಸ್ವಲ್ಪ ಹಗುರವಾಗಿದೆ.

ಇಂಥ ರಾಶಿಯ ನಡುವೆ ಎದ್ದು ಕಾಣುತ್ತಿದ್ದವರು ಕೋಡಿಂಬಾಳದ ಪದ್ಮಯ್ಯ. 'ಅನುರಾಗಿ' ಎಂಬುದು ಅವರ ಕಾವ್ಯನಾಮ. ನಲವತ್ತು ದಾಟಿದ ಮನುಷ್ಯ, ಕಡಬದ ಹತ್ತಿರ ಒಂದು ಸೊಸೈಟಿಯಲ್ಲಿ ಗುಮಾಸ್ತರು, ಮನೆಯ ಹಿಂದೆ ಒಂದಿಷ್ಟು ರಬ್ಬರ್. ಮಾತು ಕಡಿಮೆ. ಬರೆಯಲು ಕೂತರೆ ಮಾತ್ರ ತಡೆಯಿಲ್ಲ. ಅವರ ಪ್ರತಿ ಕಥೆಯಲ್ಲೂ ಒಂದು ಗೋಡೆ ಇರುತ್ತಿತ್ತು. ಸಮಾಜದ ಗೋಡೆ, ಅಂತಸ್ತಿನ ಗೋಡೆ, ಕುಲದ ಗೋಡೆ. ಕೊನೆಯಲ್ಲಿ ಪ್ರೇಮಿಗಳು ಅದನ್ನು ಕೆಡವಿ ಆಚೆ ಹೋಗುತ್ತಿದ್ದರು. ಗೋಡೆ ಯಾವ ಊರಿನದು, ಯಾರು ಕಟ್ಟಿದ್ದು ಎಂದು ಹೇಳದ ಕಾರಣ ಸದಾನಂದಣ್ಣನ ತಕರಾರೂ ಇರಲಿಲ್ಲ. ನಮ್ಮ ತೀರ್ಪುಗಾರರಾದ ವಾರಿಜಾ ಟೀಚರ್ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರು ಪದ್ಮಯ್ಯನವರ ಕಥೆ ಓದಿ ಕಣ್ಣೊರೆಸಿಕೊಂಡು ಮೊದಲ ಬಹುಮಾನ ಎಂದು ಬರೆಯುತ್ತಿದ್ದರು. ಹೆಸರು ಮುಚ್ಚಿ ಕೊಟ್ಟರೂ ಪ್ರಯೋಜನವಿರಲಿಲ್ಲ, ಗೋಡೆ ಬಂದ ಕೂಡಲೇ ಅವರ ಕಣ್ಣು ತುಂಬುತ್ತಿತ್ತು. ಹೊಸಬರಿಗೆ ಎಂದು ಮಾಡಿದ ಸ್ಪರ್ಧೆಯಲ್ಲಿ ಪದ್ಮಯ್ಯನವರು ವರ್ಷ ವರ್ಷವೂ ಹೊಸಬರಾಗಿ ಗೆಲ್ಲುತ್ತಿದ್ದರು. ಶಾಲು ಹೊದೆಸಿದಾಗ ನಾಚಿ ತಲೆ ತಗ್ಗಿಸಿ, ಪ್ರೀತಿಯೇ ನನ್ನ ಧರ್ಮ ಎಂದು ಒಂದೇ ವಾಕ್ಯದ ಭಾಷಣ ಮಾಡುತ್ತಿದ್ದರು. ಚಪ್ಪಾಳೆ ಜೋರಾಗಿ ಬೀಳುತ್ತಿತ್ತು. ಚಿಕ್ಕ ಭಾಷಣಕ್ಕೆ ನಮ್ಮ ಜನ ಯಾವಾಗಲೂ ಕೃತಜ್ಞರು.

ಒಂದು ಶನಿವಾರ ಮಧ್ಯಾಹ್ನ ಮೂವತ್ತರ ಆಸುಪಾಸಿನ ಒಬ್ಬಾಕೆ ನಮ್ಮ ಮನೆಗೆ ಬಂದಳು. ಹೆಸರು ಹೇಮಾವತಿ, ಸುಳ್ಯದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಅಲ್ಲೇ ಒಂದು ರೂಮಿನಲ್ಲಿ ವಾಸ. ಅನುರಾಗಿಯ ತಂಗಿ ಎಂದಳು. ನನಗೆ ಸಂತೋಷವಾಯಿತು. ಅಣ್ಣನ ಸಾಹಿತ್ಯದ ಬಗ್ಗೆ ನಾಲ್ಕು ಮಾತು ಹೊಗಳಿದೆ. ಅವಳು ಹೊಗಳಿಕೆ ಮುಗಿಯುವವರೆಗೆ ಕಾದು, ಜಯಂತಿ ಕೊಟ್ಟ ಚಹಾ ಕುಡಿದು, ನಿಧಾನವಾಗಿ ವಿಷಯಕ್ಕೆ ಬಂದಳು.

ಕಡಬದಲ್ಲಿ ಬಿನೋಯ್ ಎಂಬ ಹುಡುಗನಿದ್ದಾನೆ. ಹುಲ್ಲು ಕೊಚ್ಚುವ ಮಿಷನ್, ತೋಟಕ್ಕೆ ಮದ್ದು ಬಿಡುವ ಪಂಪು ರಿಪೇರಿ ಮಾಡುವ ಅಂಗಡಿ ಅವನದು. ಅಜ್ಜನ ಕಾಲದಲ್ಲಿ ಕೇರಳದಿಂದ ರಬ್ಬರ್ ನೆಡಲು ಬಂದ ಕ್ರೈಸ್ತ ಕುಟುಂಬ. ಅವನಿಗೂ ಇವಳಿಗೂ ಕೆಲವು ವರ್ಷಗಳಿಂದ ಮನಸ್ಸು ಕೂಡಿದೆ. ಪದ್ಮಯ್ಯನವರಿಗೆ ಬಿನೋಯ್ ಹೊಸಬನಲ್ಲ. ಅವರ ಮಿಷನ್ ಕೆಟ್ಟಾಗಲೆಲ್ಲ ಹೊರುತ್ತಿದ್ದದ್ದು ಅವನ ಅಂಗಡಿಗೇ. ಇಂಥ ಕೈಚಳಕದ ಹುಡುಗ ಈ ಸೀಮೆಯಲ್ಲಿ ಇಲ್ಲ ಎಂದು ಊರಿಗೆಲ್ಲ ಹೇಳಿದವರೂ ಅವರೇ. ವಿಷಯ ತಿಳಿದ ದಿನದಿಂದ ಮಿಷನನ್ನು ಉಪ್ಪಿನಂಗಡಿಗೆ ಒಯ್ಯುತ್ತಿದ್ದಾರಂತೆ. ಅಲ್ಲಿಯವರಿಗೆ ರಿಪೇರಿ ಸರಿ ಬರುವುದಿಲ್ಲ. ಅಂಗಳದಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿದೆಯಂತೆ. ತಂಗಿಯ ಜೊತೆ ಮಾತು ನಿಲ್ಲಿಸಿದ್ದಾರೆ. ಬೇರೆ ಕಡೆ ಹುಡುಗನನ್ನು ನೋಡಿ, ಜಾತಕವನ್ನೂ ಹೊಂದಿಸಿದ್ದಾರೆ.

"ಸರ್, ಅಣ್ಣನ ಗೋಡೆಯ ಕತೆಗೆ ಮೊದಲ ಬಹುಮಾನ ಕೊಟ್ಟದ್ದು ನೀವಲ್ವಾ?" ಎಂದು ಹೇಮಾವತಿ ಕೇಳಿದಳು. ಹೌದು ಎಂದೆ. "ಅದರಲ್ಲಿ ಬರೆದದ್ದನ್ನು ಒಪ್ಪಿ ಕೊಟ್ಟದ್ದಾ, ಅಲ್ಲ ವ್ಯಾಕರಣ ಸರಿ ಉಂಟೂಂತ ಕೊಟ್ಟದ್ದಾ?"

ಮೂವತ್ತು ಮೂವತ್ತೈದು ವರ್ಷ ಪಾಠ ಮಾಡಿದರೂ ಯಾವ ವಿದ್ಯಾರ್ಥಿಯೂ ನನಗೆ ಇಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ. ತೀರ್ಪುಗಾರರು ಬೇರೆಯವರು, ನಾನು ಸಂಚಾಲಕ ಮಾತ್ರ ಎಂದು ಶುರುಮಾಡಿದೆ. ಜಯಂತಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ನೋಡಿದಳು. ಆ ನೋಟಕ್ಕೆ ಹೆದರಿ, ಒಪ್ಪಿಯೇ ಕೊಟ್ಟದ್ದು ಎಂದುಬಿಟ್ಟೆ. ಹಾಗಾದರೆ ಅಣ್ಣನಿಗೆ ನೀವೇ ಹೇಳಬೇಕು, ಅವರಿಗೆ ಈ ಲೋಕದಲ್ಲಿ ಗೌರವ ಇರುವುದು ನಿಮ್ಮ ಸ್ಪರ್ಧೆಯ ಮೇಲೆ ಮಾತ್ರ ಎಂದು ಹೇಳಿ ಅವಳು ಸುಳ್ಯದ ಬಸ್ಸಿಗೆ ಹೋದಳು.

ಮರುದಿನ ಆದಿತ್ಯವಾರ. ಕಡಬದ ಬಸ್ಸು ಹತ್ತಿದೆ. ಇಡೀ ದಾರಿ ಭಾಷಣ ತಯಾರು ಮಾಡಿಕೊಂಡೆ. ಸಾಹಿತ್ಯ ಮತ್ತು ಬದುಕು, ಬರೆದದ್ದು ಮತ್ತು ಬಾಳಿದ್ದು, ಹೀಗೆ ಒಳ್ಳೊಳ್ಳೆಯ ಜೋಡಿಪದಗಳು. ಕಡಬದಿಂದ ರಿಕ್ಷಾ ಹಿಡಿದು ಕೋಡಿಂಬಾಳಕ್ಕೆ ಮುಟ್ಟಿದಾಗ ಪದ್ಮಯ್ಯನವರು ಕತ್ತಿ ಹಿಡಿದು ಅಂಗಳದ ಹುಲ್ಲನ್ನು ಕೈಯಲ್ಲೇ ಸವರುತ್ತಿದ್ದರು. ನನ್ನನ್ನು ಕಂಡು ಗಡಿಬಿಡಿಯಿಂದ ಕತ್ತಿ ಬಿಸಾಡಿ, ಕುರ್ಚಿ ಹಾಕಿ, ಹೆಂಡತಿಯಿಂದ ಬೆಲ್ಲ ನೀರು ತರಿಸಿದರು. ಈ ಸಲದ ಸ್ಪರ್ಧೆಯ ಪ್ರಕಟಣೆ ಬೇಗ ಬರುತ್ತದಾ ಎಂದು ಆಸೆಯಿಂದ ಕೇಳಿದರು. ಹೇಮಾವತಿಯ ವಿಷಯಕ್ಕೆ ಬಂದೆ ಎಂದೆ. ಅವರ ಮುಖ ಇಳಿಯಿತು.

ನಾನು ತಯಾರಿ ಮಾಡಿದ ಭಾಷಣದ ಕಾಲು ಭಾಗ ಮುಗಿಸುವಷ್ಟರಲ್ಲಿ ಅವರು, "ಅದು ಕತೆ ಅಲ್ವಾ ಸರ್" ಎಂದರು. ಕಥೆಯಲ್ಲಿ ಇರುವುದು ಮನಸ್ಸಿನಲ್ಲೂ ಇರಬೇಕಲ್ಲವೇ ಎಂದೆ. ಅವರು ಬಿಸಾಡಿದ ಕತ್ತಿಯನ್ನು ಎತ್ತಿ ಬದಿಗಿಟ್ಟರು. ಮತ್ತೆ ನಿಧಾನವಾಗಿ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು.

"ನನ್ನ ಕತೆ ಎಲ್ಲ ನೀವು ಓದಿದ್ದೀರಿ ಸರ್. ಯಾವ ಕತೆಯಲ್ಲಾದರೂ ನಾಯಕಿಗೆ ಅಣ್ಣ ಇದ್ದಾನಾ?"

ನಾನು ನೆನಪು ಮಾಡಿಕೊಂಡೆ. ಒಬ್ಬಳಿಗೂ ಇರಲಿಲ್ಲ. ಶ್ರೀಮಂತ ಅಪ್ಪ ಇದ್ದ, ಕ್ರೂರಿ ಚಿಕ್ಕಪ್ಪ ಇದ್ದ, ಗೋಡೆ ಇತ್ತು. ಅಣ್ಣ ಮಾತ್ರ ಇರಲಿಲ್ಲ.

ಅವರ ಉಳಿದ ಮಾತುಗಳಲ್ಲಿ ಸಾಹಿತ್ಯವಿರಲಿಲ್ಲ. ಅಪ್ಪ ಅವ್ವ ಬೇಗ ತೀರಿಕೊಂಡ ಮನೆ. ತಂಗಿಯನ್ನು ಜಡೆ ಹಾಕಿ ಶಾಲೆಗೆ ಕಳಿಸಿದವರು ಅವರು. ಅವಳಿಗೆ ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿದ್ದರು. ಅವಳ ಓದು ಮುಗಿದು ಕೆಲಸ ಸಿಕ್ಕುವವರೆಗೂ ತಮ್ಮ ಮದುವೆಯನ್ನು ಮುಂದೂಡಿದ್ದರು. ಈಗ ಅವಳು ಹೀಗೆ ಮಾಡಿದರೆ, ತಾಯಿ ತಂದೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಊರು ಹೇಳುತ್ತದೆ. ಸೊಸೈಟಿಗೆ ಬರುವ ಒಬ್ಬೊಬ್ಬರೂ ಕೌಂಟರಿನ ಆಚೆ ನಿಂತು ಕೇಳುತ್ತಾರೆ. ನನಗೆ ಅಯ್ಯೋ ಅನಿಸಿತು. ಆದರೆ ಅದೇ ಉಸಿರಿನಲ್ಲಿ ಅವರು, ಈ ಸಲದ ಕಥೆಗೆ ಪುಟಗಳ ಮಿತಿ ಹೆಚ್ಚಿಸಬಹುದಾ ಎಂದೂ ಕೇಳಿದರು. ಕಥೆಗಾರರ ದುಃಖವನ್ನು ಪೂರ್ತಿಯಾಗಿ ನಂಬಬಾರದು ಎಂದು ಅಂದು ನಿಶ್ಚಯಿಸಿದೆ.

ಹೇಮಾವತಿ ಅಣ್ಣನಿಗಾಗಿ ಇನ್ನೂ ಸ್ವಲ್ಪ ಸಮಯ ಕಾದಳು. ಅವಳು ಓಡಿಹೋಗಲಿಲ್ಲ. ಬೇರೆ ಬೇರೆ ಧರ್ಮದವರು ಮದುವೆಯಾಗುವುದಾದರೆ ರಿಜಿಸ್ಟ್ರಾರ್ ಕಚೇರಿಯ ಗೋಡೆಗೆ ಇಬ್ಬರ ಹೆಸರು ವಿಳಾಸದ ನೋಟಿಸು ಹಚ್ಚಿ ಒಂದು ತಿಂಗಳು ಕಾಯಬೇಕು. ಅವಳು ಅದನ್ನೇ ಮಾಡಿದಳು. ಪದ್ಮಯ್ಯನವರ ಯಾವ ಕಥೆಯಲ್ಲೂ ಇಂಥ ಗೋಡೆ ಬಂದಿರಲಿಲ್ಲ. ಯಾರೋ ಅದರ ಫೋಟೋ ತೆಗೆದು ಫೋನಿನಿಂದ ಫೋನಿಗೆ ಹರಿಯಬಿಟ್ಟರು. ಬಿನೋಯ್‌ನ ಅಂಗಡಿಗೆ ಬೈಕುಗಳಲ್ಲಿ ಕೆಲವರು ಬಂದರು. ಮಿಷನ್ ರಿಪೇರಿಗೆ ಬಂದವರ ಹಾಗೆ, ಆದರೆ ಮಿಷನ್ ಇಲ್ಲದೆ ಬಂದು, ಬಾಗಿಲಲ್ಲಿ ನಿಂತು ನೋಡಿ ಹೋದರು. ಮತ್ತೆ ಬಂದರು. ಅವನು ಅಂಗಡಿ ಮುಚ್ಚಲಿಲ್ಲ. ಒಂದು ಸ್ಕ್ರೂ ಹಾಕಲು ಮಾತ್ರ ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂದು ಅವನೇ ಆಮೇಲೆ ನಗುತ್ತ ಹೇಳಿದ.

ನಮ್ಮ ಬಳಗದಲ್ಲಿಯೂ ಗಾಳಿ ಎದ್ದಿತು. ಸಾಕ್ಷಿ ಹಾಕಲು ಹೇಮಾವತಿ ನನ್ನನ್ನು ಕರೆದ ಸುದ್ದಿ ಸದಾನಂದಣ್ಣನಿಗೆ ಹೇಗೋ ಮುಟ್ಟಿತ್ತು. ಅವರು ಮನೆಗೇ ಬಂದರು. ಪ್ರೇಮದ ಬಗ್ಗೆ ತಮಗೆ ಅಪಾರ ಗೌರವ ಉಂಟು, ಆದರೆ ಸ್ಪರ್ಧೆಯ ಹೆಸರು ಇದರಲ್ಲಿ ಬರಬಾರದು, ಸಂಚಾಲಕರು ಸಾಕ್ಷಿ ಹಾಕಿದರೆ ಅಂಗಡಿಯೇ ಹಾಕಿದ ಹಾಗೆ ಆಗುತ್ತದೆ ಎಂದರು. ಪ್ರತಿ ಕಥೆಯೂ ಮದುವೆಯಲ್ಲೇ ಮುಗಿಯಬೇಕು ಎಂದು ಹಟ ಹಿಡಿದ ಮನುಷ್ಯ, ಒಂದೇ ಒಂದು ನಿಜವಾದ ಮದುವೆ ಎದುರಿಗೆ ಬಂದಾಗ ನಮ್ಮ ಸೋಫಾದ ತುದಿಯಲ್ಲಿ ಕೂತು ಬೆವರಿದರು. ನಾನು ಸಹ ಏನೂ ಧೀರನಲ್ಲ. ಯೋಚನೆ ಮಾಡುವ ಎಂದೆ. ಆ ಮಾತಿಗೆ ನಮ್ಮ ಕಡೆ ಏನು ಅರ್ಥ ಎಂಬುದು ಅವರಿಗೂ ಗೊತ್ತು, ನೆಮ್ಮದಿಯಿಂದ ಎದ್ದು ಹೋದರು.

ಜಯಂತಿ ಲೋಟ ತೆಗೆಯುತ್ತ, "ನೀವು ಯೋಚನೆ ಮಾಡಿ. ಸಾಕ್ಷಿ ನಾನು ಹಾಕ್ತೇನೆ" ಎಂದಳು. ಅವಳ ಸ್ವರದಲ್ಲಿ ಕೋಪವೂ ಇರಲಿಲ್ಲ. ಹಾಲು ನಾನು ತರ್ತೇನೆ ಎಂದ ಹಾಗೆ ಇತ್ತು. ಹೆಂಡತಿ ಸಹಿ ಹಾಕಿದ ಮೇಲೆ ಗಂಡ ಯೋಚನೆ ಮಾಡುತ್ತ ಮನೆಯಲ್ಲಿ ಕೂರುವುದು ಚಂದವಲ್ಲ. ನಿಗದಿಯಾದ ದಿನ ಇಬ್ಬರೂ ಸುಳ್ಯಕ್ಕೆ ಹೋದೆವು. ಬಿನೋಯ್‌ನ ಅಣ್ಣ ಮೂರನೆಯ ಸಾಕ್ಷಿ. ಹೇಮಾವತಿ ಉಟ್ಟ ಸೀರೆ ಸದಾನಂದಣ್ಣನ ಅಂಗಡಿಯದೇ. ಯಾರ ಮದುವೆಗೆ ಎಂದು ತಿಳಿಯದೆ ಅವರೇ ಮುತುವರ್ಜಿಯಿಂದ ಬಿಡಿಸಿ ತೋರಿಸಿದ್ದರಂತೆ. ಕಚೇರಿಯಲ್ಲಿ ಜಾಗದ ರಿಜಿಸ್ಟ್ರೇಷನ್ನಿಗೆ ಬಂದವರ ಗುಂಪು. ಯಾರದೋ ತೋಟದ ಗಡಿಯ ಬಗ್ಗೆ ಜಗಳ ನಡೆಯುತ್ತಿದ್ದಾಗ ಇವರ ಮದುವೆ ಆಗಿಹೋಯಿತು. ಕಡಲಿಲ್ಲ, ಗಾಳಿಯಿಲ್ಲ. ಸಹಿ ಮಾಡಿ ಪೆನ್ನು ಕೊಡುವಾಗ ಹೇಮಾವತಿ ಒಮ್ಮೆ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ನೋಡಲಿಲ್ಲ. ಎಲ್ಲರೂ ಹೋಟೆಲಿಗೆ ಹೋಗಿ ಬನ್ಸ್ ತಿಂದೆವು. ಬಿನೋಯ್ ಅವಳ ತಟ್ಟೆಗೆ ತನ್ನ ಚಟ್ನಿಯನ್ನೂ ಬಗ್ಗಿಸಿದ. ಅಷ್ಟು ವರ್ಷ ಓದಿದ ಪ್ರೇಮಕಥೆಗಳಲ್ಲಿ ನಾನು ಕಾಣದಿದ್ದ ಒಂದು ಪ್ರಸಂಗ ಅದು.

ಆ ವರ್ಷದ ಸ್ಪರ್ಧೆಗೂ ಕಥೆಗಳು ಬಂದವು. ಹೆಸರು ಮುಚ್ಚಿ ವಾರಿಜಾ ಟೀಚರಿಗೆ ಕೊಟ್ಟೆ. ಅವರು ಒಂದು ಕಥೆ ಓದಿ ಅತ್ತದ್ದಲ್ಲದೆ ಫೋನಿನಲ್ಲೂ ಅತ್ತರು. ತಂದು ನೋಡಿದರೆ, ಈ ಸಲ ಗೋಡೆ ಇರಲಿಲ್ಲ. ಅಣ್ಣ ಇದ್ದ. ಮನೆಬಿಟ್ಟು ಹೋಗಿ ಮದುವೆಯಾದ ತಂಗಿ, ಒಂದು ಆದಿತ್ಯವಾರ ಗಂಡನ ಜೊತೆ ಬಂದು ಹೆದರುತ್ತ ಅಂಗಳದಲ್ಲಿ ನಿಲ್ಲುತ್ತಾಳೆ. ಅಣ್ಣ ಜಗಲಿಯಿಂದ ಓಡಿ ಬಂದು ಇಬ್ಬರನ್ನೂ ಅಪ್ಪಿಕೊಳ್ಳುತ್ತಾನೆ. ತಾನೇ ಕಾಫಿ ಮಾಡಿ ಕೊಡುತ್ತಾನೆ. ಹೃದಯದ ಹೆಬ್ಬಾಗಿಲು, ಕಣ್ಣೀರ ಕಾರಂಜಿ, ಎಲ್ಲವೂ ಇತ್ತು. ಯಾರು ಬರೆದದ್ದು ಎಂದು ತಿಳಿಯಲು ಹೆಸರು ಬೇಕಿರಲಿಲ್ಲ.

ನನಗೆ ನಖಶಿಖಾಂತ ಉರಿಯಿತು. ಮದುವೆಗೆ ಬಾರದ ಮನುಷ್ಯ, ಅವಳ ಫೋನು ಎತ್ತದ ಮನುಷ್ಯ, ಅವಳ ಕಣ್ಣೀರನ್ನು ಇಟ್ಟುಕೊಂಡು ಶಾಲು ಹೊದೆಸಿಕೊಳ್ಳಲು ಹೊರಟಿದ್ದಾರಲ್ಲ ಎಂದು ಮನೆಯಿಡೀ ಓಡಾಡಿದೆ. ಈ ಕಥೆಯನ್ನು ಸ್ಪರ್ಧೆಯಿಂದಲೇ ಹೊರಗೆ ಹಾಕುತ್ತೇನೆ, ಹೊಸಬರಲ್ಲ ಎಂಬ ಕಾರಣ ಹೇಗೂ ಇದೆ ಎಂದೆ. ಜಯಂತಿ ಕನ್ನಡಕ ಹಾಕಿ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಅವಳಿಗೆ ಅಳು ಬರಲಿಲ್ಲ. "ಬಹುಮಾನ ಕೊಡಿ. ಇದನ್ನು ನಾನು ಹೇಮಾವತಿಗೆ ಕಳಿಸ್ತೇನೆ" ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, ಕರೆಯೋಲೆ ಬಂದರೆ ಅದರಲ್ಲಿ ಯಾರ ಹೆಸರು ಉಂಟೋ ಅವರಿಗೆ ಮುಟ್ಟಿಸಬೇಕಲ್ಲ ಎಂದಳು.

ಬಹುಮಾನದ ದಿನ ಪುತ್ತೂರಿನ ಸಭಾಭವನ ಅರ್ಧ ತುಂಬಿತ್ತು. ನಮ್ಮ ಲೆಕ್ಕದಲ್ಲಿ ಅದು ಪೂರ್ತಿ. ಪದ್ಮಯ್ಯನವರಿಗೆ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟರು. ವಾರಿಜಾ ಟೀಚರ್ ಕಥೆಯ ಸಾರಾಂಶ ಹೇಳುವಾಗ ಎರಡು ಕಡೆ ಮಾತು ನಿಲ್ಲಿಸಿ ಕಣ್ಣೊರೆಸಿಕೊಂಡರು. ಪದ್ಮಯ್ಯನವರು ತಮ್ಮ ಒಂದು ವಾಕ್ಯದ ಭಾಷಣಕ್ಕೆ ಮೈಕಿನ ಎದುರು ಬಂದು ಗಂಟಲು ಸರಿಮಾಡಿಕೊಂಡರು. ಆಗ ಹಿಂದಿನ ಸಾಲಿನಿಂದ ಹೇಮಾವತಿ ಎದ್ದು ನಡೆದು ಬಂದಳು. ಬಿನೋಯ್ ಅಲ್ಲೇ ಕುರ್ಚಿಯ ಬಳಿ ಎದ್ದು ನಿಂತಿದ್ದ. ಅಣ್ಣ ತಂಗಿ ಮನೆಯಲ್ಲಿ ಮಾತಾಡುವುದು ಸುಳ್ಯ ಕಡೆಯ ಆಡುನುಡಿಯಾದ ಅರೆಭಾಷೆ. ಅಂದು ಅವಳು ವೇದಿಕೆಯ ಕೆಳಗೆ ನಿಂತು, ಸಭೆಗೆಲ್ಲ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದಳು.

"ಅಣ್ಣ, ಕತೆ ಓದಿದೆ. ಚಂದ ಉಂಟು. ಅದರಲ್ಲಿ ಅವರು ಆದಿತ್ಯವಾರ ಮನೆಗೆ ಹೋಗುದಲ್ವಾ? ಈ ಆದಿತ್ಯವಾರ ನಾವು ಬರ್ತೇವೆ."

ಸಭೆ ಚಪ್ಪಾಳೆ ತಟ್ಟಿತು. ಇದು ಕಾರ್ಯಕ್ರಮದ ಒಂದು ಭಾಗ, ಕಥೆಯ ನಾಟಕರೂಪ ಎಂದು ಬಹಳ ಜನ ತಿಳಿದಿದ್ದರು. ಪದ್ಮಯ್ಯನವರು ಹಣ್ಣಿನ ಬುಟ್ಟಿಯನ್ನು ಅಪ್ಪಿ ಹಿಡಿದು ನಿಂತಿದ್ದರು. ಬರೆಯುವಾಗ ತಡೆಯೇ ಇಲ್ಲದ ಮನುಷ್ಯ. ಅವರ ಕಣ್ಣು ತಂಗಿಯಿಂದ ಹಿಂದಿನ ಸಾಲಿಗೆ ಹೋಯಿತು, ಅಲ್ಲಿಂದ ನನ್ನ ಕಡೆಗೆ ಬಂತು. ನಾನು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದೆ. ಕೊನೆಗೆ ಮೈಕಿನಲ್ಲಿ ಬಹಳ ಸಣ್ಣ ಸ್ವರ ಕೇಳಿತು. "ಹತ್ತು ಗಂಟೆಯೊಳಗೆ ಬನ್ನಿ. ಮತ್ತೆ ಬಿಸಿಲಾಗ್ತದೆ."

ಅಂದು ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದವರು ಸದಾನಂದಣ್ಣ. ಸಭೆ ಮೆಚ್ಚಿದೆ ಎಂದು ಖಾತ್ರಿಯಾದ ಕೂಡಲೇ ಅವರ ಧೈರ್ಯ ಮರಳಿ ಬಂದಿತ್ತು. ಗಂಡ ಹೆಂಡತಿಯನ್ನು ವೇದಿಕೆಗೆ ಹತ್ತಿಸಿ, ತಮ್ಮ ಅಂಗಡಿಯ ಬ್ಯಾನರಿನ ಎದುರು ನಿಲ್ಲಿಸಿ, ನಡುವೆ ತಾವು ನಿಂತು ಫೋಟೋ ತೆಗೆಸಿಕೊಂಡರು. ಸೀರೆ ನಮ್ಮಲ್ಲಿಯದೇ ಅಲ್ವಾ ಎಂದು ಹೇಮಾವತಿಯನ್ನು ಕೇಳಿ ಹೌದು ಎಂದು ತಿಳಿದಾಗ ಅವರಿಗೆ ಇನ್ನೂ ಉಮೇದು ಬಂತು.

ಶನಿವಾರ ಸಂಜೆ ಪದ್ಮಯ್ಯನವರ ಫೋನು ಬಂತು. ಕಥೆಯ ವಿಷಯವಿರಬೇಕು ಎಂದುಕೊಂಡೆ. ಅವರು ಸುತ್ತಿ ಬಳಸಿ ಮಾತಾಡಿ, ಕೊನೆಗೆ, "ಸರ್, ನೀವು ಅವರೊಟ್ಟಿಗೆ ಊಟ ಮಾಡಿದ್ದೀರಿ ಅಲ್ವಾ. ಆ ಹುಡುಗ ಎಂತ ತಿಂತಾನೆ?" ಎಂದು ಕೇಳಿದರು. ನಾವು ಎಂತ ತಿನ್ನುತ್ತೇವೋ ಅದನ್ನೇ, ಚಟ್ನಿ ಇದ್ದರೆ ಅದನ್ನು ಹೆಂಡತಿಗೆ ಬಗ್ಗಿಸ್ತಾನೆ ಎಂದೆ. ಆಯ್ತು ಸರ್ ಎಂದು ಇಟ್ಟರು.

ಸೋಮವಾರ ಹೇಮಾವತಿ ಲ್ಯಾಬಿನಿಂದಲೇ ಜಯಂತಿಗೆ ಫೋನು ಮಾಡಿದಳು. ನಾನು ಹತ್ತಿರ ಹೋಗಿ ಕಿವಿ ಕೊಟ್ಟೆ. ಅಣ್ಣ ಓಡಿ ಬಂದು ಅಪ್ಪಿಕೊಂಡರಾ ಎಂದು ಜಯಂತಿ ಕೇಳಿದಳು. ಇಲ್ಲವಂತೆ. ಜಗಲಿಯಲ್ಲಿ ನಿಂತು ಬನ್ನಿ ಎಂದರಂತೆ. ಕಾಫಿ ಅತ್ತಿಗೆಯೇ ಮಾಡಿದ್ದಂತೆ. ಊಟ ಮುಗಿಯುವವರೆಗೆ ಇಬ್ಬರು ಗಂಡಸರೂ ರಬ್ಬರಿನ ಧಾರಣೆ ಬಿಟ್ಟು ಬೇರೆ ಒಂದಕ್ಷರ ಮಾತಾಡಲಿಲ್ಲವಂತೆ.

"ಮತ್ತೆಂತ ಆಯ್ತು?" ಎಂದು ಜಯಂತಿ ಕೇಳಿದಳು.

"ಎಂತ ಇಲ್ಲ ಅಕ್ಕ. ಇವರು ಸಾಕು ಸಾಕು ಹೇಳ್ತಾ ಇದ್ದ ಹಾಗೆ, ಅಣ್ಣ ಬಗ್ಗಿ ಇವರ ಎಲೆಗೆ ಎರಡನೇ ಸಲ ಪಾಯಸ ಬಡಿಸಿದರು."